ಜರ್ಮನಿಯ ಬಾಡಿಗೆ ಮನೆ: ರಿಪೇರಿ ಬಿಲ್ ಕಟ್ಟುವ ಮೊದಲು ಇಷ್ಟು ನೋಡಿ

ಜರ್ಮನಿಯಲ್ಲಿ ಬಾಡಿಗೆಗಿರುವ ನಮ್ಮವರಲ್ಲಿ ಎಷ್ಟೋ ಜನ ಕಟ್ಟಬೇಕಾಗಿಯೇ ಇಲ್ಲದ ರಿಪೇರಿ ಬಿಲ್‌ಗಳನ್ನು ಕಟ್ಟುತ್ತಿದ್ದಾರೆ. ಓನರ್ ಕಡೆಯಿಂದ ಜರ್ಮನ್‌ನಲ್ಲಿ ಒಂದು ಕಾಗದ ಬರುತ್ತದೆ, ಜೊತೆಗೆ ಪ್ಲಂಬರ್ ಬಿಲ್ಲು, ಎರಡು ವಾರದ ಗಡುವು. ಭಾಷೆ ಸರಿಯಾಗಿ ಬರುವುದಿಲ್ಲ, ವೀಸಾಕ್ಕೆ ಏನಾದರೂ ತೊಂದರೆಯಾದೀತೋ ಎಂಬ ಅಳುಕು ಬೇರೆ. ಮುಂದಿನ ಮನೆ ಹುಡುಕುವಾಗ 'ಬಾಡಿಗೆ ಬಾಕಿ ಇಲ್ಲ' ಅನ್ನುವ ಚೀಟಿಯನ್ನು ಇದೇ ಓನರ್ ಕೊಡಬೇಕು. ಸುಮ್ಮನೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ರಿಪೇರಿ ದುಡ್ಡಿನ ತಕರಾರು ಬರೀ ಸಿವಿಲ್ ವಿಷಯ, ಅದಕ್ಕೂ ವೀಸಾಕ್ಕೂ ಸಂಬಂಧವಿಲ್ಲ. ಈ ಹೆದರಿಕೆಯನ್ನು ಮೊದಲು ಬಿಡಿ.

ಇಲ್ಲಿನ ಸಿವಿಲ್ ಸಂಹಿತೆ ಬಿಜಿಬಿಯ 535ನೇ ಕಲಮಿನ ಪ್ರಕಾರ, ನೀವು ಇರುವಷ್ಟು ದಿನವೂ ಮನೆಯನ್ನು ವಾಸಕ್ಕೆ ತಕ್ಕ ಹಾಗೆ ಇಡುವುದು ಓನರ್ ಜವಾಬ್ದಾರಿ. ಮಾಮೂಲಿ ಬಳಕೆಯಲ್ಲಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು 538ನೇ ಕಲಮು ಹೇಳುತ್ತದೆ. ಬಾಯ್ಲರ್, ಗೋಡೆಯೊಳಗಿನ ಪೈಪು, ವೈರಿಂಗ್ ಕೆಟ್ಟರೆ, ನೀವೇ ಕೆಡಿಸದ ಹೊರತು, ಖರ್ಚು ಓನರ್‌ದೇ.

ಇದಕ್ಕೊಂದು ವಿನಾಯಿತಿ ಕ್ಲೈನ್‌ರೆಪರಾಟೂರೆನ್, ಅಂದರೆ ಸಣ್ಣಪುಟ್ಟ ರಿಪೇರಿ. ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ. ಇವುಗಳ ಖರ್ಚು ಬಾಡಿಗೆದಾರರದು ಎಂಬ ಷರತ್ತು ಕರಾರಿನಲ್ಲಿ ಇಲ್ಲದಿದ್ದರೆ ನೀವು ಒಂದು ಸೆಂಟ್ ಕೂಡ ಕೊಡಬೇಕಿಲ್ಲ. ಇದ್ದರೂ ಅದು ನೀವು ದಿನಾ ಕೈಯಿಂದ ಮುಟ್ಟಿ ಬಳಸುವ ಭಾಗಗಳಿಗೆ ಮಾತ್ರ: ನಲ್ಲಿ, ಶವರ್ ಹೆಡ್, ಸ್ವಿಚ್ಚು, ಕಿಟಕಿಯ ಹಿಡಿ, ರೋಲರ್ ಶಟರಿನ ಪಟ್ಟಿ, ಇಂಥವು. ಒಂದೊಂದು ರಿಪೇರಿಗೆ ಇಷ್ಟೇ ಎಂಬ ಮಿತಿಯನ್ನೂ ವರ್ಷಕ್ಕೆ ಒಟ್ಟು ಇಷ್ಟೇ ಎಂಬ ಮಿತಿಯನ್ನೂ ಷರತ್ತಿನಲ್ಲಿ ಬರೆದಿರಬೇಕು. ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದು ರಿಪೇರಿಗೆ 100ರಿಂದ 120 ಯೂರೋ, ವರ್ಷದ ಬಾಡಿಗೆಯ ಶೇ. 6ರಿಂದ 8.

ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಕರಾರಿನಲ್ಲಿ ಮಿತಿ 100 ಯೂರೋ ಎಂದಿದೆ, ನಲ್ಲಿ ಬದಲಿಸಿದ ಬಿಲ್ಲು 145 ಬಂತು ಅಂದುಕೊಳ್ಳಿ. ನೀವು 100 ಕೊಟ್ಟು ಓನರ್ ಉಳಿದ 45 ಹಾಕಿಕೊಳ್ಳುವುದಲ್ಲ. ಮಿತಿ ದಾಟಿದರೆ ಅದು ಸಣ್ಣ ರಿಪೇರಿಯೇ ಅಲ್ಲ, ಪೂರ್ತಿ 145 ಓನರ್‌ದು. 'ನಿಮ್ಮ ಪಾಲು 100' ಎಂದು ಕೇಳಿದರೆ ನಯವಾಗಿ, ಆದರೆ ಬರಹದಲ್ಲೇ, ಆಗುವುದಿಲ್ಲ ಅನ್ನಿ. ನೀವೇ ಕೆಲಸದವರನ್ನು ಕರೆಸಿ ಮಾಡಿಸಬೇಕೆಂಬ ಷರತ್ತೂ ನಿಲ್ಲುವುದಿಲ್ಲ, ಸುಪ್ರೀಂ ದರ್ಜೆಯ ಬಿಜಿಎಚ್ ಕೋರ್ಟು ಅದನ್ನು 1992ರಲ್ಲೇ ತಳ್ಳಿಹಾಕಿದೆ. ಹಾಗಾಗಿ ಓನರ್‌ಗೆ ತಿಳಿಸದೆ ಪ್ಲಂಬರನ್ನು ಕರೆಸಲೇಬೇಡಿ. ಕರೆಸಿದವರ ಹೆಸರಿಗೇ ಬಿಲ್ಲು ಬರುವುದು, ಆಮೇಲೆ ವಸೂಲಿ ಕಷ್ಟ. ರಾತ್ರಿ ಪೈಪು ಒಡೆದಂಥ ತುರ್ತು ಬೇರೆ ಮಾತು.

ತಿಳಿಸುವುದು ಹಕ್ಕು ಮಾತ್ರವಲ್ಲ, ಕರ್ತವ್ಯ ಕೂಡ. 536ಸಿ ಕಲಮಿನಂತೆ ದೋಷ ಕಂಡ ಕೂಡಲೇ ಹೇಳಬೇಕು. ಸಿಂಕಿನ ಕೆಳಗೆ ಸಣ್ಣಗೆ ಸೋರುತ್ತಿದ್ದುದನ್ನು ಮೂರು ತಿಂಗಳು ಬಿಟ್ಟು ಮರದ ನೆಲ ಉಬ್ಬಿತೆಂದರೆ, ಪೈಪು ಓನರ್‌ದು, ಆದರೆ ಉಬ್ಬಿದ ನೆಲ ನಿಮ್ಮ ತಲೆಗೆ. ಫೋನ್ ಮಾಡಿದ್ದಕ್ಕೆ ಪುರಾವೆ ಇರುವುದಿಲ್ಲ. ಇಮೇಲ್ ಹಾಕಿ, ಫೋಟೋ ಸೇರಿಸಿ, ಇಂಥ ತಾರೀಕಿನೊಳಗೆ ಸರಿಮಾಡಿಸಿ ಎಂದು ಗಡುವು ಬರೆಯಿರಿ. ಉತ್ತರ ಬರದಿದ್ದರೆ ಅದನ್ನೇ ಐನ್‌ವುರ್ಫ್ ಐನ್‌ಶ್ರೈಬೆನ್ ಎಂಬ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಚಳಿಗಾಲದಲ್ಲಿ ಹೀಟಿಂಗ್ ನಿಂತಂಥ ದೊಡ್ಡ ದೋಷಕ್ಕೆ ಬಾಡಿಗೆ ಕಡಿತದ ಹಕ್ಕಿದೆ. ಆದರೆ ಎಷ್ಟು ಕಡಿತ ಅನ್ನುವುದನ್ನು ನೀವೇ ಅಂದಾಜು ಮಾಡಿ ಹಿಡಿದಿಟ್ಟುಕೊಳ್ಳಬೇಡಿ. ಲೆಕ್ಕ ತಪ್ಪಿ ಬಾಕಿ ಎರಡು ತಿಂಗಳ ಬಾಡಿಗೆಯಷ್ಟಾದರೆ ಮನೆಯನ್ನೇ ಖಾಲಿ ಮಾಡಿಸಬಹುದು. ಪೂರ್ತಿ ಕಟ್ಟಿ, 'ಉಂಟರ್ ಫೋರ್‌ಬೆಹಾಲ್ಟ್', ಹಕ್ಕು ಕಾಯ್ದಿರಿಸಿ ಕಟ್ಟಿದ್ದೇನೆ ಎಂದು ಬರಹದಲ್ಲಿ ತಿಳಿಸಿ. ಹೆಚ್ಚು ಕಟ್ಟಿದ್ದನ್ನು ಆಮೇಲೆ ವಾಪಸ್ ಕೇಳಬಹುದು.

ಗೋಡೆಯ ಮೂಲೆಯಲ್ಲಿ ಬೂಸಲು ಬಂದರೆ 'ನೀವು ಕಿಟಕಿ ತೆಗೆಯುವುದಿಲ್ಲ, ಅಡುಗೆ ಜಾಸ್ತಿ ಮಾಡುತ್ತೀರಿ' ಎಂಬ ಮಾತು ಬಂದೇ ಬರುತ್ತದೆ. ಭಾರತೀಯರಿಗಂತೂ ಇದು ಮಾಮೂಲು, ಕೇಳಿದರೆ ಬೇಸರವಾಗುತ್ತದೆ. ಕಟ್ಟಡದ ದೋಷವಲ್ಲ ಎಂದು ಮೊದಲು ತೋರಿಸಬೇಕಾದವರು ಓನರ್. ನಿಮ್ಮ ಕಡೆಯಿಂದ ಒಂದು ಹೈಗ್ರೋಮೀಟರ್ ಇಟ್ಟು, ತೇವಾಂಶವನ್ನು ತಾರೀಕು ಸಮೇತ ಬರೆದಿಡಿ. ದಿನಕ್ಕೆ ಎರಡು ಮೂರು ಸಲ ಕಿಟಕಿಗಳನ್ನು ಐದು ಹತ್ತು ನಿಮಿಷ ಪೂರ್ತಿ ತೆರೆಯಿರಿ. ಹೊರಗೋಡೆಗೆ ಅಂಟಿಸಿ ಬೀರು ಇಡಬೇಡಿ.

ನಿಮ್ಮ ಕೈಯಿಂದಲೇ ಹಾಳಾಗಿದ್ದರೂ ಹೊಸದರ ಬೆಲೆ ಕೊಡಬೇಕಾಗಿಲ್ಲ. ಸಾಮಾನ್ಯ ಕಾರ್ಪೆಟ್ಟಿನ ಆಯುಷ್ಯವನ್ನು ಸುಮಾರು 10 ವರ್ಷ ಎಂದು ಹಿಡಿಯುತ್ತಾರೆ. 8 ವರ್ಷದ ಕಾರ್ಪೆಟ್ಟಿಗೆ ಇಸ್ತ್ರಿ ಪೆಟ್ಟಿಗೆ ತಗುಲಿ ಸುಟ್ಟರೆ ನಿಮ್ಮ ಮೇಲೆ ಬರುವುದು ಶೇ. 20ರಷ್ಟು. ಬಿಲ್ಲಿನ ಜೊತೆ ಆ ವಸ್ತು ಹಾಕಿಸಿದ ವರ್ಷವನ್ನೂ ಕೇಳಿ. ಹಾಫ್ಟ್‌ಫ್ಲಿಖ್ಟ್, ಅಂದರೆ ನಿಮ್ಮಿಂದ ಬೇರೆಯವರಿಗಾದ ಹಾನಿ ತುಂಬಿಕೊಡುವ ವಿಮೆ ಇದ್ದರೆ, ಅದರಲ್ಲಿ ಬಾಡಿಗೆ ಮನೆಯ ಹಾನಿಯೂ ಸೇರಿದೆಯೇ ನೋಡಿ, ದುಡ್ಡು ಒಪ್ಪಿಕೊಳ್ಳುವ ಮೊದಲೇ ವಿಮಾ ಕಂಪನಿಗೆ ತಿಳಿಸಿ. ಬೀಗದ ಕೈ ಕಳೆದು, ಇಡೀ ಕಟ್ಟಡದ ಬೀಗ ಬದಲಿಸಬೇಕೆಂದು ಸಾವಿರಾರು ಯೂರೋ ಅಂದಾಜುಪಟ್ಟಿ ಬಂದರೆ, 2014ರ ಬಿಜಿಎಚ್ ತೀರ್ಪು ನೆನಪಿರಲಿ: ನಿಜವಾಗಿ ಬದಲಿಸಿದ್ದರೆ ಮಾತ್ರ ಆ ಖರ್ಚು ಕೇಳಬಹುದು.

ಪೇಂಟಿಂಗ್ ವಿಷಯ ಚಿಕ್ಕದು. ಪೇಂಟ್ ಮಾಡಿಸದ ಮನೆಗೆ, ಅದಕ್ಕೆ ತಕ್ಕ ಪರಿಹಾರ ಪಡೆಯದೆ ಬಂದಿದ್ದರೆ, ಬಿಡುವಾಗ ಪೇಂಟ್ ಮಾಡಿಸಬೇಕೆಂಬ ಸಿದ್ಧ ಷರತ್ತು 2015ರ ಮಾರ್ಚ್ 18ರ ಬಿಜಿಎಚ್ ತೀರ್ಪಿನಂತೆ ನಡೆಯುವುದಿಲ್ಲ. ಬಿಳಿ ಗೋಡೆಗೆ ಕೆಂಪು ಬಳಿದಿದ್ದರೆ ಮಾತ್ರ ನೀವೇ ಸರಿಮಾಡಿ ಹೋಗಬೇಕು.

ಮನೆಗೆ ಬಂದ ದಿನದ ಹಸ್ತಾಂತರ ಪತ್ರದಲ್ಲಿ ಗೀರು, ಕಲೆ, ಮೀಟರ್ ಅಂಕಿ, ಕೀಗಳ ಸಂಖ್ಯೆ ಎಲ್ಲವನ್ನೂ ಬರೆಸಿ. ಬಿಡುವ ದಿನ ಅದೇ ಪತ್ರದಲ್ಲಿ 'ಈ ಹಾನಿಯ ಖರ್ಚು ನಾನೇ ಕೊಡುತ್ತೇನೆ' ಎಂಬ ಸಾಲಿದ್ದರೆ ಸಹಿ ಹಾಕಬೇಡಿ, ಆ ಸಾಲನ್ನು ಹೊಡೆದುಹಾಕಿ. ಕೀ ಕೊಡುವ ಗಡಿಬಿಡಿಯಲ್ಲಿ ಹಾಕಿದ ಆ ಒಂದು ಸಹಿಯೇ ಹಣವನ್ನು ಒಪ್ಪಿಕೊಂಡಂತೆ ಆಗುತ್ತದೆ.

ಮನೆ ವಾಪಸ್ ಪಡೆದ 6 ತಿಂಗಳೊಳಗೆ ಓನರ್ ಹಾನಿಯ ಹಣಕ್ಕಾಗಿ ಕೋರ್ಟಿಗೆ ಹೋಗದಿದ್ದರೆ, ಸಾಮಾನ್ಯವಾಗಿ ಆಮೇಲೆ ಹೋದರೂ ವಸೂಲಿಯಾಗುವುದಿಲ್ಲ. ಆದರೆ 2024ರ ಜುಲೈ 10ರ ಬಿಜಿಎಚ್ ತೀರ್ಪಿನ ನಂತರ, ಅವಧಿ ಮೀರಿದ ಮೊತ್ತವನ್ನೂ ಠೇವಣಿಯಲ್ಲಿ ಮುರಿದುಕೊಳ್ಳಲು ಅವರಿಗೆ ಅವಕಾಶವಿದೆ. 'ಆರು ತಿಂಗಳು ಕಳೆಯಿತು, ಪಾರಾದೆವು' ಎಂದು ಸುಮ್ಮನೆ ಕೂರುವ ಕಾಲ ಈಗಿಲ್ಲ. ಠೇವಣಿಯ ಲೆಕ್ಕವನ್ನು ಬರಹದಲ್ಲಿ ಕೇಳಿ. ಒಂದೊಂದು ಕಡಿತಕ್ಕೂ ಬಿಲ್ಲು ಕೇಳಿ.

ನಿಮ್ಮ ಊರಿನ ಮೀಟರ್‌ಫೆರೈನ್, ಅಂದರೆ ಬಾಡಿಗೆದಾರರ ಸಂಘ, ಇಂಥ ಕಾಗದಗಳನ್ನು ಓದಿ ಉತ್ತರ ಬರೆದುಕೊಡುತ್ತದೆ. ಸದಸ್ಯತ್ವದ ಜೊತೆ ಬರುವ ಕಾನೂನು ವಿಮೆಗೆ ಸಾಮಾನ್ಯವಾಗಿ ಮೂರು ತಿಂಗಳ ಕಾಯುವಿಕೆ ಇರುತ್ತದೆ, ಮೊದಲೇ ಶುರುವಾದ ಜಗಳಕ್ಕೆ ಅದು ಸಿಗುವುದಿಲ್ಲ. ಓನರ್ ಜೊತೆ ಸಂಬಂಧ ಚೆನ್ನಾಗಿರುವಾಗಲೇ ಸೇರಿಕೊಂಡಿರಿ.