1974ರ ಡೇವಿಸ್ ಕಪ್ ಫೈನಲ್‌ನಲ್ಲಿ ಭಾರತ ಸೋಲಲಿಲ್ಲ, ಆಡಲೇ ಇಲ್ಲ: ಸ್ಪಷ್ಟನೆ

ಪುರುಷರ ಟೆನಿಸ್‌ನಲ್ಲಿ ದೇಶಗಳ ತಂಡಗಳು ಸೆಣಸುವ ಸ್ಪರ್ಧೆ ಡೇವಿಸ್ ಕಪ್. ‘1974ರ ಡೇವಿಸ್ ಕಪ್ ಫೈನಲ್‌ನಲ್ಲಿ ಭಾರತ ತಂಡ ದಕ್ಷಿಣ ಆಫ್ರಿಕಾದ ಎದುರು ಸೋತಿತು’ ಎಂಬ ಬರಹವೊಂದು ಹರಿದಾಡುತ್ತಿದ್ದು, ಅದು ಸರಿಯಲ್ಲ. ಆ ಫೈನಲ್‌ನಲ್ಲಿ ಒಂದು ಚೆಂಡೂ ನೆಟ್ ದಾಟಲಿಲ್ಲ. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯನ್ನು ವಿರೋಧಿಸಿ ಭಾರತ ಆಡಲು ನಿರಾಕರಿಸಿದ್ದರಿಂದ ಪ್ರಶಸ್ತಿ ವಾಕ್‌ಓವರ್ ಮೂಲಕ ಎದುರಾಳಿಯ ಪಾಲಾಯಿತು. ದಾಖಲೆಯಲ್ಲಿ ಭಾರತ ರನ್ನರ್ ಅಪ್ ಎಂದಿರುವುದು ನಿಜವಾದರೂ, ಅದನ್ನು ಅಂಗಳದ ಸೋಲೆಂದು ಓದುವುದು ತಪ್ಪು.

ಆ ವರ್ಷದ ತಂಡ ದುರ್ಬಲವಾಗಿತ್ತೆಂಬ ಊಹೆಗೂ ಆಧಾರವಿಲ್ಲ. ಕಲ್ಕತ್ತಾದಲ್ಲಿ ಆಸ್ಟ್ರೇಲಿಯಾವನ್ನು 3-2ರಿಂದ ಮಣಿಸಿದ ಐದು ಪಂದ್ಯಗಳ ಹಣಾಹಣಿಯಲ್ಲಿ ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರು ಜಾನ್ ಅಲೆಕ್ಸಾಂಡರ್–ಕಾಲಿನ್ ಡಿಬ್ಲಿ ಜೋಡಿಯನ್ನು 17-15, 6-8, 6-3, 16-18, 6-4ರಿಂದ ಸೋಲಿಸಿದರು. ಡೇವಿಸ್ ಕಪ್‌ನಲ್ಲಿ ಟೈಬ್ರೇಕರ್ (6-6 ಆದಾಗ ಸೆಟ್ ಮುಗಿಸುವ ನಿರ್ಣಾಯಕ ಗೇಮ್) ಇಲ್ಲದ ಆ ಕಾಲದಲ್ಲಿ ಈ ಒಂದೇ ಡಬಲ್ಸ್ ಪಂದ್ಯ 99 ಗೇಮ್‌ಗಳವರೆಗೆ ಎಳೆಯಿತು. (ಇಂದಿನ ನಿಯಮದಲ್ಲಿ ಅಂಥ ಅಂಕಪಟ್ಟಿ ಮುದ್ರಣದೋಷವೆಂದೇ ಕಾಣುತ್ತದೆ.) ಸೆಮಿಫೈನಲ್‌ನಲ್ಲಿ ಸೋವಿಯತ್ ಒಕ್ಕೂಟವನ್ನೂ ಭಾರತ ಸೋಲಿಸಿತು.

ಅಂಗಳದಲ್ಲೇ ಸೋತ ಫೈನಲ್‌ಗಳು ಬೇರೆ ಎರಡಿವೆ: 1966ರಲ್ಲಿ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ ಎದುರು 4-1, 1987ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಸ್ವೀಡನ್ ಎದುರು 5-0. ಮೊದಲನೆಯದರಲ್ಲಿ ದಕ್ಕಿದ ಏಕೈಕ ಗೆಲುವು ರಾಮನಾಥನ್ ಕೃಷ್ಣನ್–ಜೈದೀಪ್ ಮುಖರ್ಜಿ ಜೋಡಿಯದು. ಅದೂ ಆಸ್ಟ್ರೇಲಿಯಾದ ಪ್ರಬಲ ಜೋಡಿ ಜಾನ್ ನ್ಯೂಕೊಂಬ್ ಮತ್ತು ಟೋನಿ ರೋಚ್ ಎದುರು. ಹಾಗಾಗಿ ‘ಭಾರತ ಮೂರು ಬಾರಿ ಫೈನಲ್ ತಲುಪಿದೆ’ ಎಂಬ ಮಾತು ಸರಿ. ‘ಮೂರು ಫೈನಲ್ ಆಡಿ ಸೋತಿದೆ’ ಎಂಬುದು ಸರಿಯಲ್ಲ.