ಕೈಯಿಂದ ಮೂಗಿಗೇರಿದ ಮೊಬೈಲ್

ಸ್ಮಾರ್ಟ್‌ಫೋನಿನ ಕಾಲ ಮುಗಿಯಿತೆಂಬ ಸುದ್ದಿಯನ್ನು ನಾವು ಹಲವು ವರ್ಷಗಳಿಂದ ಸ್ಮಾರ್ಟ್‌ಫೋನಿನಲ್ಲಿಯೇ ಓದುತ್ತಿದ್ದೇವೆ. ಇನ್ನು ಯಾರೂ ಅಂಗೈ ನೋಡುತ್ತಾ ತಲೆ ತಗ್ಗಿಸಿ ನಡೆಯಬೇಕಿಲ್ಲವಂತೆ. ದಾರಿಯ ನಕ್ಷೆ, ಬಂದ ಸಂದೇಶ, ಎದುರಿನವರ ಮಾತಿನ ಅನುವಾದ ಎಲ್ಲವೂ ಕನ್ನಡಕದ ಗಾಜಿನ ಮೇಲೆಯೇ ಮೂಡುವುದರಿಂದ, ತಲೆಯೆತ್ತಿಕೊಂಡೇ ಕಂಬಕ್ಕೆ ಡಿಕ್ಕಿ ಹೊಡೆಯುವ ಸೌಲಭ್ಯ ಮನುಕುಲಕ್ಕೆ ಒದಗಲಿದೆ.

ಈ ಕನಸು 2013ರಲ್ಲಿ ಗೂಗಲ್ ಗ್ಲಾಸ್ ಆಗಿ 1,500 ಡಾಲರಿಗೆ ಅವತರಿಸಿತ್ತು. ಹುಬ್ಬಿನ ಬಳಿಯ ಕ್ಯಾಮೆರಾ ತಮ್ಮನ್ನು ಚಿತ್ರೀಕರಿಸುತ್ತಿದೆಯೇ ಎಂದು ತಿಳಿಯದೆ ಎದುರಿಗಿದ್ದವರು ಮಾತು ನಿಲ್ಲಿಸಿದರು. 2015ರ ಜನವರಿಯಲ್ಲಿ ಕಂಪನಿಯು ಜನಸಾಮಾನ್ಯರಿಗೆ ಮಾರಾಟ ನಿಲ್ಲಿಸಿತು.

2024ರ ಫೆಬ್ರುವರಿಯಲ್ಲಿ ಬಂದ ಆಪಲ್ ವಿಷನ್ ಪ್ರೊ ಎಂಬ, ಮುಖಕ್ಕೆ ಕಟ್ಟಿಕೊಳ್ಳುವ ಸಾಧನ ಇನ್ನೂ ಘನವಾದದ್ದು: 3,499 ಡಾಲರ್ ಬೆಲೆ, 600 ಗ್ರಾಂ ದಾಟಿದ ತೂಕ. ಬ್ಯಾಟರಿಯನ್ನು ಅದರ ಲೆಕ್ಕಕ್ಕೆ ಸೇರಿಸಿಲ್ಲ, ಏಕೆಂದರೆ ಅದು ವೈರಿನ ತುದಿಯಲ್ಲಿ ಜೇಬಿನೊಳಗಿರುತ್ತದೆ. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ಇಷ್ಟು ಅಕ್ಷರಶಃ ನಿಜವಾಗುವುದೆಂದು ಹಿರಿಯರೂ ಎಣಿಸಿರಲಾರರು. ಮುಖವೆಲ್ಲ ಮುಚ್ಚಿದ ಮೇಲೆ ಧರಿಸಿದವರ ಕಣ್ಣು ಎದುರಿನವರಿಗೆ ಕಾಣುವುದಿಲ್ಲವೆಂಬ ಸಂಕಟವೊಂದು ಉಳಿಯಿತಷ್ಟೆ. ಅದಕ್ಕೂ ಪರಿಹಾರ ದೊರೆಯಿತು: ಹೊರಮೈಗೆ ಇನ್ನೊಂದು ಪರದೆ ಜೋಡಿಸಿ, ಧರಿಸಿದವರ ಕಣ್ಣುಗಳನ್ನು ಕಂಪ್ಯೂಟರಿನಿಂದ ರಚಿಸಿ ಅದರ ಮೇಲೆ ತೋರಿಸಿದರು. ಅದನ್ನು ಕಳಚಿಟ್ಟು ಮಾತನಾಡುವ ವಿಧಾನ ತೀರಾ ಅಗ್ಗವಾದ್ದರಿಂದ ಪರಿಗಣನೆಗೆ ಬಂದಿರಲಾರದು.

ಹಗುರವಾದದ್ದು ಬೇಕೆಂದವರಿಗೆ ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾ 2024ರ ಸೆಪ್ಟೆಂಬರಿನಲ್ಲಿ ಒರಾಯನ್ ಎಂಬ ಪ್ರಾಯೋಗಿಕ ಕನ್ನಡಕವನ್ನು ತೋರಿಸಿತು. ಕನ್ನಡಕದ ತೂಕ ನೂರು ಗ್ರಾಮಿಗೂ ಕಡಿಮೆ. ಬೆರಳಿನ ಸನ್ನೆ ಅರಿಯಲು ಮಣಿಕಟ್ಟಿಗೊಂದು ಪಟ್ಟಿ, ಲೆಕ್ಕಾಚಾರದ ಭಾರ ಹೊರಲು ಜೇಬಿಗೊಂದು ಪೆಟ್ಟಿಗೆ. ಗಣಕಶಕ್ತಿ, ಬ್ಯಾಟರಿ, ನಿಸ್ತಂತು ಸಂಪರ್ಕವೆಲ್ಲ ಇರುವ, ಜೇಬಿನಲ್ಲಿ ಹಿಡಿಸುವ ಪೆಟ್ಟಿಗೆಗೆ ಲೋಕರೂಢಿಯಲ್ಲಿ ಬೇರೊಂದು ಹೆಸರಿದೆ. ಸಭಾಮರ್ಯಾದೆಗಾಗಿ ಯಾರೂ ಅದನ್ನು ಉಚ್ಚರಿಸಲಿಲ್ಲ.

ದೋಷ ಎಂಜಿನಿಯರುಗಳದ್ದಲ್ಲ. ಬಿಸಿಲಿನಲ್ಲಿ ಪಾರದರ್ಶಕ ಗಾಜಿನ ಮೇಲಿನ ಅಕ್ಷರ ಕಾಣಬೇಕಾದರೆ ಬೆಳಕು ಹೆಚ್ಚಿಸಬೇಕು. ಬೆಳಕು ಹೆಚ್ಚಿದರೆ ಬ್ಯಾಟರಿ ಬರಿದಾಗುತ್ತದೆ. ಬ್ಯಾಟರಿ ದೊಡ್ಡದಾದರೆ ಮೂಗು ಸೋಲುತ್ತದೆ. ಹೀಗಾಗಿ ಫೋನಿಗೆ ಮರಣದಂಡನೆ ವಿಧಿಸಿದವರೇ ಅದನ್ನು ಕನ್ನಡಕದ ಹಮಾಲಿಯಾಗಿ ನೇಮಿಸಿಕೊಳ್ಳುತ್ತಿದ್ದಾರೆ. ಇಂಥ ಹೊಸ ಕನ್ನಡಕ ಕೊಂಡವರು ಮೊದಲು ಮಾಡಬೇಕಾದ ಕೆಲಸವೂ ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳುವುದೇ. ರಾತ್ರಿ ಆ ಕನ್ನಡಕ ಮಂಚದ ಕೆಳಗೆ ಜಾರಿ ಬಿದ್ದರೆ ಹುಡುಕುವುದಕ್ಕೂ ಟಾರ್ಚ್ ಬೇಕಲ್ಲವೇ? ಅದು ಫೋನಿನಲ್ಲಿದೆ.