ತಪ್ಪೆಲ್ಲ ಪೆನ್ಸಿಲ್ಲಿನದು

ನಾಲ್ಕು ಅಡಿ ಹಲಗೆಯನ್ನು ನಾಲ್ಕು ಸಮ ತುಂಡು ಮಾಡಬೇಕಿತ್ತು. ತುಂಡು ನಾಲ್ಕಾದವು. ಸಮ ಮಾತ್ರ ಆಗಲಿಲ್ಲ.

ಹೋದ ಮಳೆಗಾಲದ ಮಾತು. ಬೆಳಗಾವಿಯ ಜುಲೈ ಮಳೆ ನಿಮಗೆ ಗೊತ್ತಲ್ಲ, ಒಮ್ಮೆ ಹಿಡಿದರೆ ಹಗ್ಗದ ಮೇಲಿನ ಬನಿಯನ್ ವಾರವಾದರೂ ಒಣಗುವುದಿಲ್ಲ. ಮನೆಯಲ್ಲಿ ಕೂತು ಬೇಸತ್ತು, ಅವ್ವನ ಉಪ್ಪಿನಕಾಯಿ ಭರಣಿ ಇಡಲು ಒಂದು ಸ್ಟ್ಯಾಂಡ್ ಮಾಡಿಕೊಡ್ತೀನಿ ಅಂದೆ. ಹಳೇ ಕಪಾಟು ಬಿಚ್ಚಿದಾಗ ಉಳಿದಿದ್ದ ಸಾಗವಾನಿ ಹಲಗೆ ಮಾಳಿಗೆಯಲ್ಲಿತ್ತು. ತಮ್ಮನ ಕಡೆಯಿಂದ ಕರೆಂಟಿನ ಗರಗಸ ತಂದೆ. ಬಡಿಗೇರರು ಕಿವಿಯ ಮೇಲೆ ಸಿಕ್ಕಿಸಿಕೊಳ್ಳುವ ಚಪ್ಪಟೆ ಪೆನ್ಸಿಲ್ ತಗೊಂಡು 12, 24, 36 ಇಂಚಿಗೆ ಗೆರೆ ಎಳೆದೆ. ಕೊಯ್ದೆ.

ಆ ಗರಗಸ ಒಂದು ಸಲ ಓಡಿದರೆ ಸುಮಾರು 3 ಮಿಲಿಮೀಟರ್ ಮರ ಪುಡಿಯಾಗಿ ಹೋಗುತ್ತದೆ. ಬಡಿಗೇರರ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಸೂತ, ಅಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ನಾನು ಮೊದಲ ಗೆರೆಯ ಬಲಕ್ಕೆ ಕೊಯ್ದೆ. ಎರಡನೆಯದರ ಎಡಕ್ಕೆ. ಮೂರನೆಯದನ್ನು ಸರಿಯಾಗಿ ನಡುವೆಯೇ ಸೀಳಿದೆ. ಹಾಗಾಗಿ ಮೊದಲ ತುಂಡು ಪೂರ್ತಿ ಒಂದಡಿ. ಎರಡನೆಯದಕ್ಕೆ ಎರಡೂ ಕಡೆಯಿಂದ ಏಟು, 6 ಮಿಲಿಮೀಟರ್ ಮೋಟು. ಉಳಿದೆರಡು ಒಂದೂವರೆ ಮಿಲಿಮೀಟರ್ ಮೋಟು.

ಈ ಲೆಕ್ಕವೆಲ್ಲ ಆಮೇಲೆ ಹೊಳೆದದ್ದು. ಅವತ್ತು ನನ್ನ ಕಣ್ಣಿಗೆ ಬಿದ್ದದ್ದು ಆ ಗೆರೆ ಒಂದೇ. ಹೊಲದ ಬದುವಿನಷ್ಟು ದಪ್ಪ!

“ಈ ಪೆನ್ಸಿಲ್ ಸರಿ ಇಲ್ಲ” ಅಂದೆ.

“ಹೌದ್ರಿ. ಕುಣ್ಯಾಕ ಬರಲಾರದಾಕಿ ಅಂಗಳಾ ಡೊಂಕ ಅಂದಿದ್ಲಂತ” ಅಂದು ಹೆಂಡತಿ ಒಳಗೆ ಹೋದಳು.

ಖಡೇಬಜಾರಿನ ಅಂಗಡಿಯಲ್ಲಿ ಒತ್ತಿದರೆ ಕಡ್ಡಿ ಮುಂದೆ ಬರುವ ಟಿಕ್ ಟಿಕ್ ಪೆನ್ಸಿಲ್ ಕೇಳಿದೆ. “ಯಾವ ಸೈಜ್ ಕೊಡ್ಲಿರಿ?” ಅಂದ. ಚಪ್ಪಲಿಗಿದ್ದ ಹಾಗೆ ಪೆನ್ಸಿಲಿಗೂ ಸೈಜ್ ಇರುತ್ತದೆ ಅಂತ ತಿಳಿದದ್ದೇ ಆಗ. ಕಡ್ಡಿಯ ದಪ್ಪ 0.3, 0.5, 0.7, 0.9, 2 ಮಿಲಿಮೀಟರ್. ಗೆರೆ ತೆಳ್ಳಗಿದ್ದಷ್ಟೂ ಕೆಲಸ ಚೊಕ್ಕ ಅಲ್ವಾ? 0.3 ಕೊಡಿ ಅಂದೆ.

ಮನೆಗೆ ಬಂದು ಹಲಗೆ ಮೇಲಿಟ್ಟೆ. ಟಕ್. ಇನ್ನೊಮ್ಮೆ ಒತ್ತಿ ಇಟ್ಟೆ. ಟಕ್. ಸಾಗವಾನಿಯನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಸಣ್ಣ ತೂತುಗಳ ಸಾಲು ಕಾಣುತ್ತದೆ. ಒಂದು ಪಟ್ಟಿ ತೂತಿನದು, ಪಕ್ಕದ ಪಟ್ಟಿ ಗಟ್ಟಿ, ಮತ್ತೆ ತೂತು. 0.3ರ ಕಡ್ಡಿ ಆ ಸಾಲಿಗೆ ಇಳಿದರೆ ಚಕ್ಕಡಿಯ ಗಾಲಿ ಕೆಸರಿನ ಜಾಡಿಗೆ ಇಳಿದ ಹಾಗೆ. ನೀವು ಎಳೆದ ಕಡೆ ಬರುವುದಿಲ್ಲ, ಮರ ಎಳೆದ ಕಡೆ ಹೋಗುತ್ತದೆ. ಜಾಸ್ತಿ ಒತ್ತಾಯ ಮಾಡಿದರೆ ಮುರಿಯುತ್ತದೆ. ಒಂದು ಡಬ್ಬಿ ಕಡ್ಡಿ ಮುಗಿಸಿ ಅರ್ಧ ಗೆರೆ ಎಳೆದೆ.

ಮರುದಿನ 0.5 ತಂದೆ. ನಕ್ಷೆ ಬರೆಯುವವರು ಬಳಸುವಂಥದ್ದು, ಮುಂದೆ ತೆಳ್ಳನೆಯ ಲೋಹದ ಮೂತಿ. ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಮೂತಿ ಉದ್ದವಿದ್ದರೆ ಗುನ್ಯಾದ, ಅಂದರೆ ಬಡಿಗೇರರ ಮೂಲೆಮಟ್ಟದ ಅಂಚಿಗೆ ತಾಗಿಸಿ ನೆಟ್ಟಗೆ ಎಳೆಯಬಹುದು, ಕಡ್ಡಿಯೂ ಅಂಚಿಗೆ ಉಜ್ಜುವುದಿಲ್ಲ. ಅವ್ವ “ಚಾ ಆತು ಬಾರೋ” ಅಂದಳು. ಪೆನ್ಸಿಲನ್ನು ಹಲಗೆ ಮೇಲಿಟ್ಟು ತಿರುಗಿದೆ. ಅದು ದುಂಡಗಿನ ಪ್ರಾಣಿ. ಉರುಳಿತು. ನಮ್ಮದು ಶಹಾಬಾದಿ ಫರ್ಸಿ ನೆಲ. ಎಲ್ಲ ಬಿಟ್ಟು ಮೂತಿಯ ಮೇಲೇ ಬಿತ್ತು. ಎತ್ತಿ ನೋಡಿದರೆ ಗಿಳಿಯ ಕೊಕ್ಕು. ಬಡಿಗೇರರ ಪೆನ್ಸಿಲ್ ಯಾಕೆ ಚಪ್ಪಟೆ ಅಂತ ಆಗ ಅರ್ಥವಾಯಿತು. 280 ರೂಪಾಯಿಯ ಪಾಠ. ಎಸೆಯಲು ಮನಸ್ಸಾಗದೆ ಡ್ರಾವರಿನಲ್ಲಿ ಹಾಕಿದೆ.

ಮೂರನೆಯದು 0.9. ಇದು ಒಗ್ಗಿತು. ಕಡ್ಡಿ ಮುರಿಯುವುದಿಲ್ಲ, ಗೆರೆಯೂ ಅಷ್ಟೇನೂ ದಪ್ಪವಿಲ್ಲ. ಕಡ್ಡಿಯ ಜಾತಿ ಮಾತ್ರ ನೋಡಿ ತಗೊಳ್ಳಬೇಕು. ಗಟ್ಟಿ ಜಾತಿಯ 2ಎಚ್ ಹಾಕಿದಾಗ ಮರದ ಮೇಲೆ ಗೀರು ಬಿತ್ತು, ಕಪ್ಪು ಬೀಳಲಿಲ್ಲ. ಮೆತ್ತನೆಯ 2ಬಿ ಹಾಕಿದರೆ ಮಳೆಗಾಲದ ಬೆವರುಗೈಗೆ ಗೆರೆಯೆಲ್ಲ ಕಾಡಿಗೆ. ಎಚ್‌ಬಿಗೆ ಬಂದು ನಿಂತೆ. ಪಾಲಿಶ್ ಹೊಡೆಯುವ ಮೊದಲು ಗೆರೆ ಉಜ್ಜಿ ತೆಗೆಯಿರಿ, ಆಮೇಲೆ ಅದು ಗಾಜಿನಡಿಯ ಫೋಟೊದಂತೆ ಅಲ್ಲೇ ಕೂತುಬಿಡುತ್ತದೆ.

ಖುಷಿಯಲ್ಲಿ ಅದನ್ನು ಪ್ಯಾಂಟಿನ ಹಿಂದಿನ ಕಿಸೆಗೆ ಹಾಕಿಕೊಂಡೆ. ಮೂತಿ ಮೇಲಕ್ಕೆ. ಹಾಗೇ ಕುರ್ಚಿಯಲ್ಲಿ ಕೂತೆ.

ನನ್ನ ದನಿಗೆ ಎದುರುಮನೆಯವರೂ ಬಂದರು. ಅವ್ವ ಎದೆ ಎದೆ ಬಡಿದುಕೊಂಡಳು. “ಅಯ್ಯ ಶಿವನ, ಸೀಸ ಮೈಯಾಗ ಹೋತಲ್ಲೋ!” ಬೋರಲು ಮಲಗಿಕೊಂಡೇ ತಿಳಿಸಿ ಹೇಳಿದೆ. ಅವ್ವಾ, ಸೀಸದ ಕಡ್ಡಿ ಅನ್ನೋದು ಹೆಸರಿಗಷ್ಟೇ, ಅದರೊಳಗೆ ಸೀಸ ಇರುವುದಿಲ್ಲ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಗುಡ್ಡದಲ್ಲಿ ಗ್ರಾಫೈಟ್ ಸಿಕ್ಕಾಗ ಜನ ಅದನ್ನು ಸೀಸದ ಜಾತಿ ಅಂದುಕೊಂಡರು, ಹೆಸರು ಅಂಟಿಕೊಂಡಿತು. ಆಮೇಲೆ 1795ರಲ್ಲಿ ಫ್ರಾನ್ಸಿನ ಕಾಂಟೆ ಅನ್ನುವವನು ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಕಡ್ಡಿ ಮಾಡಿದ. ಮಣ್ಣು ಜಾಸ್ತಿಯಾದರೆ ಕಡ್ಡಿ ಗಟ್ಟಿ... “ಮಣ್ಣs ಹೋತು ಅನ್ನು” ಅಂದಳು ಅವ್ವ. ಅವಳ ಗಾಬರಿ ಇನ್ನೂ ಹೆಚ್ಚಾಯಿತು.

ದವಾಖಾನೆಯಲ್ಲಿ ನರ್ಸ್ ಕೇಳಿದಳು, “ಏನ್ ಚುಚ್ಚೇತ್ರಿ?”

“ಪೆನ್ಸಿಲ್” ಅಂದಳು ನನ್ನ ಹೆಂಡತಿ.

“ಹುಡುಗಗ ವಯಸ್ಸೆಷ್ಟ್ರಿ?”

“ಐವತ್ತೆರಡು.”

ನರ್ಸ್ ಚೀಟಿಯಿಂದ ತಲೆ ಎತ್ತಿ ನೋಡಿದಳು. ಟಿಟಿ ಇಂಜೆಕ್ಷನ್ ಅನ್ನು ನಾನು ತೋಳಿಗೆ ಹಾಕಿಸಿಕೊಂಡೆ. ಕೆಳಗೆ ಇನ್ನು ಜಾಗವಿರಲಿಲ್ಲ.

ಆದ್ದರಿಂದ ಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ಮೂತಿ ಒಳಗೆ ಹೋಗುವಂಥದ್ದೋ ಟೊಪ್ಪಿಗೆ ಇರುವಂಥದ್ದೋ ನೋಡಿ ತಗೊಳ್ಳಿ. 2 ಮಿಲಿಮೀಟರಿನ ಕಡ್ಡಿ ಕಲ್ಲಿನಂಥದ್ದು, ಆದರೆ ಆಗಾಗ ಚೂಪು ಮಾಡುತ್ತಿರಬೇಕು. ಬಡಿಗತನಕ್ಕೆಂದೇ ಮಾಡಿದ 2.8ರದ್ದೂ ಇವೆ. ಮೂತಿ ಬಲು ಉದ್ದ, ಆಳದ ತೂತಿನೊಳಗೂ ಗುರುತು ಹಾಕಬಹುದು. ಅದನ್ನು ಕೊಳ್ಳಲು ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

ಆ ಬಾಗಿಲೂ ಮಳೆಗೆ ಉಬ್ಬಿ ಮುಚ್ಚುತ್ತಿರಲಿಲ್ಲ. ಅನಗೋಳದಿಂದ ಬಡಿಗೇರ ಕಾಕಾನನ್ನು ಕರೆಸಿದೆವು. ರಂದಾ ಹೊಡೆಯುತ್ತ ನನ್ನ ನಾಲ್ಕು ತುಂಡುಗಳನ್ನು ಓರೆಗಣ್ಣಿನಿಂದ ನೋಡಿದರು. ನಾನು ಚಪ್ಪಟೆ ಪೆನ್ಸಿಲಿನ ಮೇಲೆ ದೂರು ಹೇಳಿದೆ. ಅವರು ಅದನ್ನೇ ಎತ್ತಿಕೊಂಡರು. ನಾನು ಈಳಿಗೆಮಣೆಯಲ್ಲಿ ಕೆತ್ತಿದ ಬೊಡ್ಡು ತುದಿಯನ್ನು ಉಳಿಯಿಂದ ಎರಡು ಕಡೆ ಸವರಿ, ಉಳಿಯ ಬಾಯಿಯಂತೆಯೇ ಚಪ್ಪಟೆಯಾಗಿ ಹರಿತ ಮಾಡಿದರು. ಗುನ್ಯಾಕ್ಕೆ ಆನಿಸಿ ಎಳೆದರು. ಕೂದಲಿನಂಥ ಗೆರೆ ಬಂತು. ಅದರ ಒಂದು ಪಕ್ಕದಲ್ಲಿ ಕಾಟು, ಅಂದರೆ × ಗುರುತು ಹಾಕಿದರು.

“ಗೆರಿ ಉಳೀಬೇಕ್ರಿ ಸರ್ರ. ಕಾಟ್ ಇದ್ದ ಕಡೀಗಷ್ಟ ಕೊಯ್ರಿ.”

ಒಳಗಿನಿಂದ ಯಾರೋ ಕೆಮ್ಮಿದರು. ಹೆಂಡತಿಯೇ ಇರಬೇಕು.

ಮಾನ ಉಳಿಸಿಕೊಳ್ಳಲು ಡ್ರಾವರ್ ತೆಗೆದು ನನ್ನ 0.9 ತೋರಿಸಲು ಹೋದೆ. ಕಾಕಾನ ಕೈ ನೇರವಾಗಿ ಆ ಗಿಳಿಯ ಕೊಕ್ಕಿಗೆ ಹೋಯಿತು. ಬೇಡ, ಅದು ಕೆಟ್ಟಿದೆ ಅನ್ನುವಷ್ಟರಲ್ಲಿ ಅದನ್ನು ಬಾಗಿಲು ತಿರುಗುವ ಬಿಜಾಗ್ರಿಯ ಹಿಂದಿನ ಸಂದಿಗೆ ತೂರಿಸಿದರು. ಯಾವ ನೆಟ್ಟಗಿನ ಪೆನ್ಸಿಲೂ ಹೋಗದ ಜಾಗ. ಲೋಹದ ತುದಿ ಮೂಲೆಗುಂಟ ಸಣ್ಣ ಗೀರು ಎಳೆದುಕೊಂಡು ಸಲೀಸಾಗಿ ಹೊರಗೆ ಬಂತು. ಕನ್ನಡಕ ಮೇಲೇರಿಸಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಸರ್ರ, ಎಲ್ಲಾರೂ ಬರೇ ನೆಟ್ಟನ್ನವs ಮಾರ್ತಾರ್ರಿ. ಈ ಸೊಟ್ಟಂದ ಯಾವ ಅಂಗಡ್ಯಾಗ ಸಿಕ್ತು?”